ನಾಲ್ಕು ಹಳ್ಳಿಗಳ ದ್ರಾಕ್ಷಿ, ಒಂದೇ ಪಾತ್ರೆ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ದೇವಾಲಯದಲ್ಲಿ ಮಾತನಾಡಲು ನಿಂತವರು ಸಾಮಾನ್ಯವಾಗಿ ಅಸ್ತಿವಾರದ ಕಲ್ಲಿನಿಂದ ಆರಂಭಿಸಿ ಗೋಪುರದ ಗಂಟೆಯವರೆಗೆ ಬಂದು ಮುಗಿಸುತ್ತಾರೆ. ಆ ಚರಿತ್ರೆಯನ್ನು ನಮಗಿಂತ ಬಲ್ಲವರು ಈ ಸಂಚಿಕೆಯಲ್ಲಿ ಬೇರೆಡೆ ಬರೆದಿದ್ದಾರೆ. ನಮಗೆ ಸಮಿತಿಯವರು ಕೊಟ್ಟ ವಿಷಯ ‘ವಿಶ್ವಾಸವನ್ನು ತಂದವರು ಮತ್ತು ಅದನ್ನು ಉಳಿಸಿದವರು’ ಎಂಬುದು. ಈ ವಿಷಯವನ್ನು ನಾವು ಒಂದು ಕೆಂಪು ದ್ರಾಕ್ಷಾರಸದ ಕಥೆಯ ಮೂಲಕ ಹೇಳಬೇಕೆಂದಿದ್ದೇವೆ. ದೇವಾಲಯದ ಅಂಗಳದಲ್ಲಿ ಮದ್ಯದ ಮಾತೇ ಎಂದು ಕೆಲವರು ಹುಬ್ಬೇರಿಸಬಹುದು. ಆ ಆಕ್ಷೇಪಣೆಯನ್ನು ನಾವು ಹಗುರವಾಗಿ ಎಣಿಸಿಲ್ಲ. ಅದಕ್ಕೆ ಉತ್ತರವನ್ನು ಕೊನೆಯ ಭಾಗದಲ್ಲಿ ಹೇಳುತ್ತೇವೆ; ಅಲ್ಲಿಯವರೆಗೆ ತಮ್ಮ ತಾಳ್ಮೆಯನ್ನು ಬೇಡುತ್ತೇವೆ.

ಮೊದಲಿಗೆ ಒಂದು ನಿವೇದನೆ. ನಾವು ಹೇಳಲಿರುವ ಕಣಿವೆಯನ್ನು ನಾವು ಕಣ್ಣಾರೆ ಕಂಡಿಲ್ಲ. ಓದಿ ತಿಳಿದದ್ದನ್ನು ಮಾತ್ರ ತಮ್ಮ ಮುಂದೆ ಇಡುತ್ತಿದ್ದೇವೆ.

ಚೀನಾ ದೇಶದ ನೈರುತ್ಯ ಮೂಲೆಯಲ್ಲಿ ಯುನ್ನಾನ್ ಎಂಬ ಪ್ರಾಂತ್ಯವಿದೆ. ಅದರ ವಾಯವ್ಯ ತುದಿ ಟಿಬೆಟ್ಟಿನ ಗಡಿಯನ್ನು ಮುಟ್ಟುತ್ತದೆ. ಅಲ್ಲಿ ಸಾಲ್ವಿನ್, ಮೆಕಾಂಗ್ ಮತ್ತು ಯಾಂಗ್ಟ್ಸಿ ಎಂಬ ಮೂರು ಮಹಾನದಿಗಳು ಒಂದಕ್ಕೊಂದು ಸಮಾಂತರವಾಗಿ, ಆಳವಾದ ಕಣಿವೆಗಳನ್ನು ಕೊರೆದುಕೊಂಡು ದಕ್ಷಿಣಕ್ಕೆ ಹರಿಯುತ್ತವೆ. ಈ ಪ್ರದೇಶವನ್ನು 2003ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ತಾಣವೆಂದು ಘೋಷಿಸಿತು. ನಡುವಿನ ನದಿಯಾದ ಮೆಕಾಂಗಿನ ಪಶ್ಚಿಮಕ್ಕೆ ಕಾವಾಗಾರ್ಬೋ ಎಂಬ 6,740 ಮೀಟರ್ ಎತ್ತರದ ಹಿಮಶಿಖರ ನಿಂತಿದೆ. ಟಿಬೆಟನ್ ಬೌದ್ಧರಿಗೆ ಅದು ಪರಮಪವಿತ್ರ. ಯಾತ್ರಿಕರು ಅದನ್ನು ಪ್ರದಕ್ಷಿಣೆ ಮಾಡುತ್ತಾರೆ, ಅದರ ತುದಿಯನ್ನು ಈವರೆಗೆ ಯಾರೂ ಮೆಟ್ಟಿಲ್ಲ. ಆ ಕಣಿವೆಗೆ ಶಾಂಗ್ರಿ-ಲಾ ಪಟ್ಟಣದ ಕಡೆಯಿಂದ ಹೋಗಬೇಕಾದರೆ 4,000 ಮೀಟರಿಗೂ ಮೀರಿದ ಎತ್ತರದ ಕಣಿವೆದಾರಿಯನ್ನು ದಾಟಬೇಕು.

ಈ ಪರ್ವತದ ಆಸುಪಾಸಿನಲ್ಲಿ ಅದೋಂಗ್, ಶಿದಾಂಗ್, ಸಿನೋಂಗ್, ಶುವೋರಿ ಎಂಬ ನಾಲ್ಕು ಟಿಬೆಟನ್ ಹಳ್ಳಿಗಳಿವೆ. ಅವು ಇರುವುದು 2,200ರಿಂದ 2,600 ಮೀಟರುಗಳ ಎತ್ತರದಲ್ಲಿ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೇ ಸುಮಾರು 1,930 ಮೀಟರು ಎಂಬುದನ್ನು ನೆನೆದರೆ ಆ ಹಳ್ಳಿಗಳ ನೆಲೆ ಎಂಥದೆಂಬುದು ಮನವರಿಕೆಯಾದೀತು. ಬಾರ್ಲಿ, ಮೆಕ್ಕೆಜೋಳ, ಅಕ್ರೋಟು ಬೆಳೆದು, ಹಸು, ಹಂದಿಗಳನ್ನು ಸಾಕಿ ಬದುಕುವ ಜನ ಅವರು. ಈ ಹಳ್ಳಿಗಳ ಮೆಟ್ಟಿಲುಹೊಲಗಳಲ್ಲಿ ಬೆಳೆದ ದ್ರಾಕ್ಷಿಯಿಂದ ‘ಆವೊ ಯುನ್’ ಎಂಬ ಕೆಂಪು ದ್ರಾಕ್ಷಾರಸ ತಯಾರಾಗುತ್ತದೆ. ಫ್ರಾನ್ಸಿನ ಮೊಯೆ ಹೆನೆಸ್ಸಿ ಸಂಸ್ಥೆಯವರು ಚೀನಾದಲ್ಲಿ ಉತ್ತಮ ಕೆಂಪು ದ್ರಾಕ್ಷಾರಸಕ್ಕೆ ತಕ್ಕ ನೆಲವನ್ನು ಹುಡುಕಲು ಆಸ್ಟ್ರೇಲಿಯಾದ ಟೋನಿ ಜೋರ್ಡನ್ ಎಂಬ ತಜ್ಞರನ್ನು ಕಳುಹಿಸಿದರು. ಅವರು ವರ್ಷಗಟ್ಟಲೆ ಹುಡುಕಿ, ಕೊನೆಗೆ ಆರಿಸಿದ್ದು ಈ ದುರ್ಗಮ ಕಣಿವೆಯನ್ನು. ಮೊದಲ ಬೆಳೆಯ ದ್ರಾಕ್ಷಾರಸ 2013ನೆಯ ವರ್ಷದ್ದು; ಅದು ಮಾರುಕಟ್ಟೆಗೆ ಬಂದದ್ದು 2016ರಲ್ಲಿ.

ಅಷ್ಟು ದೂರ ಏಕೆ ಹೋದರು? ಉತ್ತರ ಚೀನಾದ ನಿಂಗ್ಷಿಯಾದಂಥ ಸೀಮೆಗಳಲ್ಲಿ ಚಳಿಗಾಲದ ಹೆಪ್ಪಿಗೆ ಬಳ್ಳಿಗಳು ಸಾಯುತ್ತವೆ. ಆದ್ದರಿಂದ ರೈತರು ಪ್ರತಿ ವರ್ಷವೂ ಅವುಗಳನ್ನು ಬಗ್ಗಿಸಿ ಮಣ್ಣಿನಲ್ಲಿ ಹೂಳಿ, ವಸಂತದಲ್ಲಿ ಮತ್ತೆ ತೆಗೆಯಬೇಕು. ಸಮುದ್ರತೀರದ ಸೀಮೆಗಳಲ್ಲಾದರೋ ಬೇಸಿಗೆಯ ಮಳೆಯಿಂದ ಹಣ್ಣು ಕೊಳೆಯುತ್ತದೆ. ಮೆಕಾಂಗಿನ ಈ ಕಣಿವೆಯಲ್ಲಿ ಎರಡೂ ಬಾಧೆಗಳಿಲ್ಲ. ಸುತ್ತಲಿನ ಬೆಟ್ಟಗಳು ಮುಂಗಾರಿನ ಬಹುಪಾಲನ್ನು ತಡೆಯುತ್ತವೆ. ಎತ್ತರದ ಪ್ರಖರ ಬಿಸಿಲಿಗೆ ಹಣ್ಣಿನ ಸಿಪ್ಪೆ ದಪ್ಪವಾಗುತ್ತದೆ. ಆದರೆ ಅದೇ ಬೆಟ್ಟಗಳ ನೆರಳು ಹಗಲನ್ನು ಕಿರಿದು ಮಾಡುವುದರಿಂದ ಹಣ್ಣು ಅವಸರಪಡದೆ ಪಕ್ವವಾಗುತ್ತದೆ. ಫ್ರಾನ್ಸಿನ ಬೋರ್ಡೋ ಸೀಮೆಗಿಂತ ಇಲ್ಲಿ ಹಲವು ವಾರಗಳು ಹೆಚ್ಚು ಬೇಕು. ಬೆಟ್ಟವು ಬಿಸಿಲನ್ನು ತಡೆದದ್ದು ಬೆಳೆಗೆ ನಷ್ಟವೆಂದು ನೋಡಿದವರು ಹೇಳಿಯಾರು; ಹಣ್ಣಿಗೆ ಆಳವಾದ ರುಚಿ ಬಂದದ್ದು ಆ ತಡೆಯಿಂದಲೇ.

ಇಲ್ಲಿನ ಬೇಸಾಯದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಟ್ಟು ತೋಟ ಸುಮಾರು 30 ಹೆಕ್ಟೇರು ಮಾತ್ರ. ಅದು ಒಂದೇ ಹರವಿನ ತೋಟವಲ್ಲ. 300ಕ್ಕೂ ಹೆಚ್ಚು ತುಂಡುಗಳಾಗಿ, ಬೆಟ್ಟದ ಮಗ್ಗುಲಿನಲ್ಲಿ ಚದರಿಹೋಗಿದೆ. ಒಂದೊಂದು ತುಂಡು ನಮ್ಮ ಹಳ್ಳಿಯ ಹಿತ್ತಲಿನಷ್ಟು. ಇಲ್ಲಿ ಯಂತ್ರ ಏರಲಾರದು. ಕಳೆ ಕೀಳುವುದು, ರೆಂಬೆ ಕತ್ತರಿಸುವುದು, ಎಲೆ ಸವರುವುದು, ಗೊಂಚಲು ಕೊಯ್ಯುವುದು ಎಲ್ಲವೂ ಕೈಯಿಂದಲೇ. ಗೊಬ್ಬರ ಹಟ್ಟಿಯದು. ನೀರು ಹಿಮ ಕರಗಿ ಬರುವ ತೊರೆಗಳದು. ಅದನ್ನು ಕಾಲುವೆಗಳಲ್ಲಿ ತಂದು ಸರದಿಯಂತೆ ಹಂಚಿಕೊಳ್ಳುವ ಪದ್ಧತಿ ಊರಿನವರದೇ. ಹೊಲಗಳು ಸ್ಥಳೀಯ ಕುಟುಂಬಗಳ ಸಾಗುವಳಿಯವು. ಸಂಸ್ಥೆಯವರು ಅವನ್ನು ಗುತ್ತಿಗೆಗೆ ಪಡೆದು, ಆ ಕುಟುಂಬಗಳಿಂದಲೇ ಕೆಲಸ ಮಾಡಿಸುತ್ತಾರೆ. ನಿಸರ್ಗಕ್ಕೆ ಹೊಂದಿದ ಬೇಸಾಯವೆಂದು ಇಂದು ಜಗತ್ತು ಕೊಂಡಾಡುವುದನ್ನು ಆ ಜನ ಒಂದು ಸಿದ್ಧಾಂತವೆಂದು ಕೈಗೊಂಡವರಲ್ಲ. ಅವರ ನೆಲ ಅವರಿಗೆ ಬೇರೆ ದಾರಿಯನ್ನು ಬಿಟ್ಟಿರಲಿಲ್ಲ. ನಮ್ಮ ಅಜ್ಜಂದಿರೂ ಹೀಗೆಯೇ ಬೇಸಾಯ ಮಾಡಿದರು. ಅದಕ್ಕೆ ಹೆಸರಿಟ್ಟವರು ಅವರಲ್ಲ.

ಇನ್ನು ಮಿಶ್ರಣದ ಮಾತು. ಕಪ್ಪು ದ್ರಾಕ್ಷಿಯ ರಸ ಹೆಚ್ಚಾಗಿ ಬಣ್ಣವಿಲ್ಲದ್ದು. ಕೆಂಪು ಬರುವುದು ಸಿಪ್ಪೆಯಿಂದ. ಆದ್ದರಿಂದ ಹಣ್ಣನ್ನು ಸಿಪ್ಪೆಯ ಸಮೇತವೇ ಹುದುಗಲು ಬಿಡುತ್ತಾರೆ. ಈ ತೋಟದಲ್ಲಿ ಮುಖ್ಯವಾದದ್ದು ಕಾಬರ್ನೆ ಸೋವಿನ್ಯೋನ್ ಎಂಬ ತಳಿ. ಅದರ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಗರು ಹೆಚ್ಚು. ಅದರೊಡನೆ ಕಾಬರ್ನೆ ಫ್ರಾಂಕ್ ಎಂಬ ತಳಿಯನ್ನು ಸೇರಿಸುತ್ತಾರೆ. ಅದು ಹೆಚ್ಚು ಪರಿಮಳವುಳ್ಳದ್ದು, ಸ್ವಭಾವದಲ್ಲಿ ಮೃದು. 2013ರ ಮಿಶ್ರಣದಲ್ಲಿ ಮೊದಲನೆಯದು ನೂರಕ್ಕೆ 90, ಎರಡನೆಯದು 10. ಮುಂದಿನ ವರ್ಷಗಳಲ್ಲಿ ಮೆರ್ಲೋ, ಸಿರಾ, ಪೆಟಿ ವೆರ್ಡೋ ಎಂಬ ತಳಿಗಳೂ ಸೇರಿದವು. ಇದರಲ್ಲಿ ಒಂದು ಸ್ವಾರಸ್ಯವಿದೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಸಸ್ಯಗಳ ವಂಶವಾಹಿಯನ್ನು ಪರೀಕ್ಷಿಸಿ, ಕಾಬರ್ನೆ ಸೋವಿನ್ಯೋನ್ ಎಂಬುದು ಕಾಬರ್ನೆ ಫ್ರಾಂಕ್ ಮತ್ತು ಸೋವಿನ್ಯೋನ್ ಬ್ಲಾಂಕ್ ತಳಿಗಳ ಸಂತಾನವೆಂದು ತೋರಿಸಿದರು. ಅಂದರೆ ಆ ಪಾತ್ರೆಯಲ್ಲಿ ಹೆತ್ತ ತಳಿಯೂ ಹುಟ್ಟಿದ ತಳಿಯೂ ಮತ್ತೆ ಕೂಡುತ್ತವೆ.

ಆದರೆ ಮುಖ್ಯವಾದ ಮಿಶ್ರಣ ತಳಿಗಳದ್ದಲ್ಲ, ಹಳ್ಳಿಗಳದ್ದು. ಅದೋಂಗ್ ನಾಲ್ಕರಲ್ಲಿ ಅತಿ ಎತ್ತರದ್ದು, ತಂಪು ಹೆಚ್ಚು. ಶಿದಾಂಗ್ ಹೊಳೆಯ ಪಶ್ಚಿಮಕ್ಕೆ, ಶುವೋರಿ ಪೂರ್ವಕ್ಕೆ. ಹೀಗಾಗಿ ಒಂದರ ಮೇಲೆ ಬಿಸಿಲು ಬೀಳುವ ಹೊತ್ತು ಇನ್ನೊಂದರದ್ದಲ್ಲ. ಒಂದು ಹೊಲದ ಹಣ್ಣು ಮಾಗಿದಾಗ ಇನ್ನೊಂದರದ್ದು ಇನ್ನೂ ಹುಳಿಯಾಗಿರುತ್ತದೆ. ಆದ್ದರಿಂದ ಒಂದೊಂದು ಹೊಲವನ್ನೂ ಅದರ ಕಾಲಕ್ಕೆ ಕೊಯ್ದು, ಪ್ರತ್ಯೇಕವಾಗಿಯೇ ಹುದುಗಿಸಿ, ಪ್ರತ್ಯೇಕವಾಗಿಯೇ ಕಾಯ್ದಿಡುತ್ತಾರೆ. ಒಂದು ಭಾಗವನ್ನು ಮರದ ಪೀಪಾಯಿಗಳಲ್ಲಿಯೂ ಇನ್ನೊಂದು ಭಾಗವನ್ನು ಚೀನೀ ಮಣ್ಣಿನ ಜಾಡಿಗಳಲ್ಲಿಯೂ ಇಡುವುದುಂಟು. ಬಹುಕಾಲದ ನಂತರ ರುಚಿ ನೋಡಿ, ಯಾವುದು ಎಷ್ಟು ಸೇರಬೇಕೆಂದು ನಿರ್ಣಯಿಸುತ್ತಾರೆ. ಎಲ್ಲವನ್ನೂ ಮೊದಲೇ ಒಂದೇ ತೊಟ್ಟಿಗೆ ಸುರಿದರೆ ಕೆಲಸ ಸುಲಭ. ಆದರೆ ಆಗ ಹುಳಿಯೂ ಸಿಹಿಯೂ ಒಂದನ್ನೊಂದು ಕೆಡಿಸುತ್ತವೆ. ಪ್ರತಿಯೊಂದೂ ತನ್ನ ಗುಣದಲ್ಲಿ ಪೂರ್ಣವಾದ ಮೇಲೆಯೇ ಕೂಡುವಿಕೆಗೆ ಅರ್ಥ ಬರುತ್ತದೆ. ಈ ಮಾತನ್ನು ತಾವು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ. ಕೊನೆಗೆ ಅದರ ಅಗತ್ಯ ಬೀಳುತ್ತದೆ.

ಈಗ ನೂರೈವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗೋಣ. ಈ ಮೆಕಾಂಗ್ ಕಣಿವೆಗೆ ದ್ರಾಕ್ಷಿಯನ್ನು ಮೊದಲು ತಂದವರು ವ್ಯಾಪಾರಿಗಳಲ್ಲ, ಗುರುಗಳು. 1658ರಲ್ಲಿ ಸ್ಥಾಪನೆಯಾದ ಪ್ಯಾರಿಸ್ಸಿನ ವಿದೇಶೀ ಪ್ರೇಷಿತ ಸಂಘಕ್ಕೆ, ಅಂದರೆ ನಾವು ಎಂ.ಇ.ಪಿ. ಎಂದು ಕರೆಯುವ ಸಂಘಕ್ಕೆ, 1846ರಲ್ಲಿ ಟಿಬೆಟ್ಟಿನ ಪ್ರೇಷಿತ ಕಾರ್ಯವು ವಹಿಸಲ್ಪಟ್ಟಿತು. ಲ್ಹಾಸಾ ನಗರವನ್ನು ಸೇರುವುದು ಅವರಿಗೆ ಸಾಧ್ಯವಾಗಲಿಲ್ಲ. ಗಡಿಯ ಕಣಿವೆಗಳಲ್ಲಿಯೇ ನೆಲೆ ನಿಂತರು. ಯೆರ್ಕಾಲೋ ಎಂಬ ಉಪ್ಪಿನ ಬಾವಿಗಳ ಊರಿನಲ್ಲಿಯೂ, ಮೆಕಾಂಗಿನ ಕೆಳದಂಡೆಯ ತ್ಸೇಕೂ ಎಂಬಲ್ಲಿಯೂ ಚಿಕ್ಕ ಚಿಕ್ಕ ಕ್ರೈಸ್ತ ಸಮುದಾಯಗಳು ಬೆಳೆದವು.

ಗುರುಗಳಿಗೆ ದ್ರಾಕ್ಷಿಯ ಅಗತ್ಯವೇನೆಂಬುದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಲಿಪೂಜೆಗೆ ಬಳಸುವ ದ್ರಾಕ್ಷಾರಸವು ಬಳ್ಳಿಯ ಹಣ್ಣಿನಿಂದಲೇ ಆದ, ಸಹಜವಾದ, ಕೆಡದಿರುವ ರಸವಾಗಿರಬೇಕೆಂಬುದು ಧರ್ಮಸಭೆಯ ನಿಯಮ. 1983ರ ಧರ್ಮಸಭಾ ಕಾನೂನಿನ 924ನೆಯ ವಿಧಿಯೂ ಅದನ್ನೇ ಹೇಳುತ್ತದೆ. ಅದು ಕೆಂಪೇ ಆಗಬೇಕೆಂದಿಲ್ಲ, ಬಿಳಿಯೂ ಆಗಬಹುದು. ಒಂದೇ ತಳಿಯದಾಗಬೇಕೆಂದೂ ಇಲ್ಲ. ಆದರೆ ಅಕ್ಕಿಯ ಮದ್ಯವಾಗಲಿ, ಬಾರ್ಲಿಯ ಮದ್ಯವಾಗಲಿ ಸಲ್ಲದು. ಫ್ರಾನ್ಸಿನಿಂದ ಹೊರಟ ಬಾಟಲಿ ಹಡಗು, ದೋಣಿ, ಹೇಸರಗತ್ತೆ ಎಂದು ತಿಂಗಳುಗಟ್ಟಲೆ ಸಾಗಿ ಆ ಕಣಿವೆಯನ್ನು ಸೇರುವುದು ನಂಬಲಾಗದ ಮಾತು. ಬಳ್ಳಿಯನ್ನು ನೆಡುವುದೊಂದೇ ಉಪಾಯ. ಬಲಿಪೀಠವಿದ್ದ ಕಡೆ ತೋಟವೂ ಇರಬೇಕಾಯಿತು.

ಆ ಗುರುಗಳ ಬಾಳು ಸುಖದ್ದಾಗಿರಲಿಲ್ಲ. 1905ರಲ್ಲಿ ಆ ಸೀಮೆಯಲ್ಲಿ ಚೀನೀ ಅಧಿಕಾರದ ವಿರುದ್ಧವೂ ಪರದೇಶೀಯರ ವಿರುದ್ಧವೂ ದಂಗೆ ಎದ್ದಿತು. ತ್ಸೇಕೂವಿನ ದೇವಾಲಯ ನಾಶವಾಯಿತು. ಹಲವು ದಶಕಗಳನ್ನು ಆ ಜನರ ನಡುವೆ ಕಳೆದಿದ್ದ ಸ್ವಾಮಿ ದ್ಯುಬೆರ್ನಾರ್ ಅವರೂ, ಸ್ವಾಮಿ ಬೂರ್ದೊನ್ನೆಕ್ ಅವರೂ ಕೊಲ್ಲಲ್ಪಟ್ಟರು. ಅದೇ ವರ್ಷ, ಆ ಬೆಟ್ಟಗಳ ಗಿಡಮೂಲಿಕೆಗಳನ್ನು ಸಂಗ್ರಹಿಸಿ ಸಸ್ಯಶಾಸ್ತ್ರಕ್ಕೆ ಮಹೋಪಕಾರ ಮಾಡಿದ್ದ ಸ್ವಾಮಿ ಸುಲಿಯೆ ಅವರೂ ಪ್ರಾಣ ತೆತ್ತರು; ಒಂದು ಕಾಡುಗುಲಾಬಿಯ ಶಾಸ್ತ್ರೀಯ ನಾಮದಲ್ಲಿ ಅವರ ಹೆಸರು ಇಂದಿಗೂ ಉಳಿದಿದೆ. ಬದುಕಿದವರು ನದಿಯ ಆಸುಪಾಸಿನಲ್ಲಿಯೇ ತ್ಸೆಚೋಂಗ್ ಎಂಬ ಹಳ್ಳಿಯಲ್ಲಿ ಹೊಸ ದೇವಾಲಯವನ್ನು ಕಟ್ಟಿದರು. ಕಲ್ಲಿನ ಕಮಾನುಗಳು ಯೂರೋಪಿನವು. ಗೋಪುರದ ಮೇಲಿನ ಮಾಡು ಚೀನಾದ ಶೈಲಿಯದು. ಒಳಮಾಳಿಗೆಯ ಚಿತ್ರಗಳಲ್ಲಿ ತಾವರೆ ಅರಳಿದೆ. ದೇವಾಲಯದ ಮಗ್ಗುಲಲ್ಲಿಯೇ ದ್ರಾಕ್ಷಿ ತೋಟ.

1930ರ ದಶಕದಲ್ಲಿ ಸ್ವಿಟ್ಸರ್ಲೆಂಡಿನಿಂದ ಸಂತ ಬರ್ನಾರ್ಡ್ ಪರ್ವತಮಠದ ಗುರುಗಳು ಇವರ ನೆರವಿಗೆ ಬಂದರು. ಹಿಮದಲ್ಲಿ ದಾರಿ ತಪ್ಪಿದವರನ್ನು ರಕ್ಷಿಸುತ್ತಿದ್ದ ದೊಡ್ಡ ನಾಯಿಗಳಿಂದ ಆ ಮಠ ಜಗತ್ಪ್ರಸಿದ್ಧ. ಮೆಕಾಂಗ್ ಮತ್ತು ಸಾಲ್ವಿನ್ ನದಿಗಳ ನಡುವಿನ ಲಾತ್ಸಾ ಕಣಿವೆದಾರಿಯಲ್ಲಿ ಪ್ರಯಾಣಿಕರಿಗಾಗಿ ಒಂದು ಛತ್ರವನ್ನು ಕಟ್ಟಲು ಅವರು ತೊಡಗಿದರು. ಯುದ್ಧದ ದೆಸೆಯಿಂದ ಅದು ಪೂರ್ಣವಾಗಲಿಲ್ಲ. ಅವರಲ್ಲೊಬ್ಬರು ಮಾರಿಸ್ ಟೋರ್ನೆ. ದ್ರಾಕ್ಷಿ ತೋಟಗಳಿಗೆ ಹೆಸರಾದ ವಾಲೆ ಪ್ರಾಂತ್ಯದಲ್ಲಿ 1910ರಲ್ಲಿ ಹುಟ್ಟಿ, 1936ರಲ್ಲಿ ಈ ಬೆಟ್ಟಗಳಿಗೆ ಬಂದು, 1938ರಲ್ಲಿ ಗುರುದೀಕ್ಷೆ ಪಡೆದು, 1945ರಲ್ಲಿ ಯೆರ್ಕಾಲೋವಿನ ಧರ್ಮಕೇಂದ್ರದ ಗುರುಗಳಾದರು. ಮರುವರ್ಷವೇ ಅಲ್ಲಿಂದ ಅವರನ್ನು ಹೊರಹಾಕಲಾಯಿತು. ತಮ್ಮ ಜನರ ಪರವಾಗಿ ದಲೈ ಲಾಮಾ ಅವರಲ್ಲಿ ಮೊರೆಯಿಡಲು ಲ್ಹಾಸಾಕ್ಕೆ ಹೊರಟ ಅವರನ್ನು 1949ರ ಆಗಸ್ಟ್ 11ರಂದು ದಾರಿಯಲ್ಲಿ ಗುಂಡಿಟ್ಟು ಕೊಂದರು. 1993ರಲ್ಲಿ ಪೋಪ್ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಧನ್ಯರೆಂದು ಘೋಷಿಸಿದರು.

ಅದಾದ ಎರಡು ಮೂರು ವರ್ಷಗಳೊಳಗೆ ಪರದೇಶೀ ಗುರುಗಳೆಲ್ಲರೂ ಚೀನಾದಿಂದ ಹೊರಗೆ ಹೋಗಬೇಕಾಯಿತು. ನಮ್ಮ ಕಥೆಯ ತಿರುಳು ಇಲ್ಲಿಂದ ಆರಂಭವಾಗುತ್ತದೆ. ಗುರುಗಳಿಲ್ಲ, ಬಲಿಪೂಜೆಯಿಲ್ಲ, ಬಳ್ಳಿಯ ಅಗತ್ಯವೇ ತಪ್ಪಿಹೋಯಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅನೇಕ ಪ್ರಾರ್ಥನಾಲಯಗಳು ನೆಲಸಮವಾದಾಗ, ತ್ಸೆಚೋಂಗಿನ ದೇವಾಲಯವು ಶಾಲೆಯಾಗಿ ಬಳಕೆಯಲ್ಲಿದ್ದುದರಿಂದ ಉಳಿದುಕೊಂಡಿತು. ಪಕ್ಕದ ತೋಟದ ಕೆಲವು ಬಳ್ಳಿಗಳೂ ಉಳಿದವು. 1980ರ ದಶಕದಲ್ಲಿ ದೇವಾಲಯದ ಬಾಗಿಲು ಮತ್ತೆ ತೆರೆಯಿತು. ಆ ಹಳೆಯ ಬಳ್ಳಿಗಳಿಂದ ತುಂಡುಗಳನ್ನು ಕತ್ತರಿಸಿ ಹಳ್ಳಿಯವರು ತಮ್ಮ ಹೊಲಗಳಲ್ಲಿ ನೆಟ್ಟರು. ಆ ಹಣ್ಣನ್ನು ‘ಗುಲಾಬಿ ಜೇನು’ ಎಂಬ ಅರ್ಥದ ಚೀನೀ ಹೆಸರಿನಿಂದ ಕರೆಯುತ್ತಾರೆ. ಇಂದು ಮನೆಮನೆಯಲ್ಲಿಯೂ ಅದರ ರಸವನ್ನು ಇಳಿಸುತ್ತಾರೆ, ಬಂದ ಅತಿಥಿಗೆ ನೀಡುತ್ತಾರೆ, ಕ್ರಿಸ್ತಜಯಂತಿಯ ದಿನ ದೇವಾಲಯದ ಅಂಗಳದಲ್ಲಿ ಟಿಬೆಟನ್ ಉಡುಪು ತೊಟ್ಟು ಕೈಕೈ ಹಿಡಿದು ಕುಣಿಯುತ್ತಾರೆ.

ಇಲ್ಲಿ ನಾವು ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಜಗತ್ತಿನ ಅಂಗಡಿಗಳಲ್ಲಿ ಮಾರಾಟವಾಗುವ ನಾಲ್ಕು ಹಳ್ಳಿಗಳ ಕೆಂಪು ದ್ರಾಕ್ಷಾರಸವು ಗುರುಗಳು ನೆಟ್ಟ ಬಳ್ಳಿಯದೇ ಎಂದು ಹೇಳಿಬಿಡುವುದು ಚಂದ. ಆದರೆ ಅದು ನಿಜವಲ್ಲ. ಅಲ್ಲಿನ ಕಾಬರ್ನೆ ಬಳ್ಳಿಗಳನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ಸ್ಥಳೀಯ ಸರ್ಕಾರದ ಪ್ರೋತ್ಸಾಹದಿಂದ ರೈತರೇ ನೆಟ್ಟರು. ಬಳ್ಳಿಗಳು ಬೇರೆ, ವಂಶ ಬೇರೆ. ಆ ಹಳ್ಳಿಗಳ ಜನರಲ್ಲಿ ಬಹುತೇಕರು ಬೌದ್ಧರು. ಗುರುಗಳ ಬಳ್ಳಿ ಕೊಟ್ಟದ್ದು ಒಂದು ಸಾಕ್ಷ್ಯವನ್ನು ಮಾತ್ರ: ಈ ಕಣಿವೆಯಲ್ಲಿ ದ್ರಾಕ್ಷಿ ಬದುಕುತ್ತದೆ, ಈ ಜನರ ಕೈಗೆ ಅದು ಒಲಿಯುತ್ತದೆ ಎಂಬ ಸಾಕ್ಷ್ಯ. ಚರಿತ್ರೆಯಲ್ಲಿ ನಮಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಕೀರ್ತಿಯನ್ನು ಕೇಳುವುದು ಧರ್ಮಸಭೆಯ ಮಕ್ಕಳಿಗೆ ತಕ್ಕುದಲ್ಲ.

ಅಷ್ಟು ದೂರದ ಈ ಕಥೆಗೂ ನಮಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ತ್ಸೇಕೂವಿಗೆ ಹೋದ ಗುರುಗಳೂ ನಮ್ಮ ಮೈಸೂರು ಸೀಮೆಗೆ ಬಂದ ಗುರುಗಳೂ ಪ್ಯಾರಿಸ್ಸಿನ ಅದೇ ಸಂಘದವರು. ಯೇಸುಸಭೆಯು 1773ರಲ್ಲಿ ರದ್ದಾದ ಮೇಲೆ ಇಲ್ಲಿನ ಮಂದೆ ಎಂ.ಇ.ಪಿ. ಗುರುಗಳ ಪಾಲಿಗೆ ಬಂತು. ಅವರಲ್ಲಿ ಹೆಸರಾದ ಅಬ್ಬೆ ದುಬಾಯ್ ಅವರು ಶ್ರೀರಂಗಪಟ್ಟಣದ ಪತನಾನಂತರ ಈ ಸೀಮೆಯಲ್ಲಿ ದುಡಿದು, ಸಿಡುಬಿನ ಲಸಿಕೆಯನ್ನು ಪ್ರಚಾರ ಮಾಡಿ, ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. 1823ರಲ್ಲಿ ಫ್ರಾನ್ಸಿಗೆ ಮರಳಿದ ಮೇಲೆ ಅವರು ಆ ಸಂಘದ ಗುರುಮಠದ ಮುಖ್ಯಸ್ಥರೂ ಆದರು. ನೆಲ ತೋರಿಸಿ, ಬೀಜ ಕೊಟ್ಟು, ಅನಂತರ ಉಪದೇಶ ಮಾಡುವುದು ಆ ಗುರುಗಳ ಪರಿಪಾಠವಾಗಿತ್ತೆಂದು ತೋರುತ್ತದೆ.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರಿನವರು ಬೇರೆಡೆಗೆ ಹೋದರು. ಮಾಡಿಲ್ಲದ ಆ ಗೋಡೆಗಳು ಮಳೆಗಾಲದಲ್ಲಿ ನೀರಿನೊಳಗೆ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಮೇಲೇಳುತ್ತವೆ. ತ್ಸೆಚೋಂಗಿನಲ್ಲಿ ಕಟ್ಟಡ ಉಳಿದು ಗುರುಗಳು ಹೋದರು. ಶೆಟ್ಟಿಹಳ್ಳಿಯಲ್ಲಿ ಜನ ಹೊರಟು ಕಟ್ಟಡ ಬರಿದಾಯಿತು. ಎರಡು ಕಡೆಯೂ ವಿಶ್ವಾಸ ಉಳಿಯಿತು. ಅದು ಉಳಿದದ್ದು ಕಲ್ಲಿನಿಂದಲ್ಲ, ತಂದವರಿಂದಲೂ ಅಲ್ಲ. ಪಡೆದವರು ತಮ್ಮ ಕೈಯಿಂದ ಅದನ್ನು ಸಾಕಿದ್ದರಿಂದ. ಈ ಸಂಜೆ ನಾವು ಹೇಳಬೇಕಾದ ಮಾತು ಇಷ್ಟೇ.

ಈಗ ಮೊದಲಿನ ಆಕ್ಷೇಪಣೆಗೆ ಬರೋಣ. ಕುಡಿತದಿಂದ ಒಡೆದ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿಯೂ ಇವೆ. ಆ ಮನೆಗಳ ತಾಯಂದಿರು ಇಲ್ಲಿಯೇ ಕುಳಿತಿದ್ದಾರೆ. ಅವರ ಎದುರಿನಲ್ಲಿ ದ್ರಾಕ್ಷಾರಸವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿಯನ್ನು ನಿಷೇಧಿಸಲಾಯಿತು. ಆದರೂ ಕುಡಿತ ನಿಂತಿಲ್ಲವೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬೆಲೆಯುಳ್ಳ ಬಾಟಲಿಯಲ್ಲಿದ್ದರೂ ಮದ್ಯ ಮದ್ಯವೇ. ಕಾನಾ ಊರಿನ ಮದುವೆಯ ಹೆಸರು ಹೇಳಿ ತನ್ನ ಚಟವನ್ನು ಸಮರ್ಥಿಸಿಕೊಳ್ಳುವವನು ಪ್ರಭುವಿಗೆ ಅಪಚಾರ ಮಾಡುತ್ತಾನೆ. ಆದರೆ ನಾವು ಇದನ್ನೂ ಮರೆಯಬಾರದು: ಪ್ರಭು ತಮ್ಮ ನೆನಪಿಗಾಗಿ ಆರಿಸಿಕೊಂಡದ್ದು ಹೊಳೆಯ ನೀರನ್ನಲ್ಲ. ಬಳ್ಳಿಯನ್ನು ನೆಡಬೇಕು, ಸವರಬೇಕು, ಕಾಯಬೇಕು, ಹಿಂಡಬೇಕು, ಮತ್ತೆ ಕಾಯಬೇಕು. ಅಂಥ ದುಡಿಮೆಯ ಫಲವನ್ನು ಅವರು ಆರಿಸಿಕೊಂಡರು. ಕಾಣಿಕೆಯ ಪ್ರಾರ್ಥನೆಯಲ್ಲಿ ಗುರುಗಳು ದೇವರ ವರದಾನದೊಡನೆ ಮನುಷ್ಯನ ದುಡಿಮೆಯನ್ನೂ ಹೆಸರಿಸುವುದು ಈ ಕಾರಣದಿಂದಲೇ. ದುಡಿದವನ ಕೂಲಿಯನ್ನು ನುಂಗುವ ಗಡಂಗಿನ ಬಟ್ಟಲಿಗೂ ದುಡಿದವನ ಬೆವರನ್ನು ದೇವರಿಗೆ ಎತ್ತಿಹಿಡಿಯುವ ಪಾನಪಾತ್ರೆಗೂ ಇರುವ ಅಂತರ ಅಷ್ಟು ದೊಡ್ಡದು.

ಇನ್ನೂ ಎರಡು ಕಹಿ ಮಾತುಗಳಿವೆ. ಆ ನಾಲ್ಕು ಹಳ್ಳಿಗಳ ದ್ರಾಕ್ಷಾರಸದ ಒಂದು ಬಾಟಲಿ ಹೊರದೇಶಗಳಲ್ಲಿ ನೂರಾರು ಡಾಲರುಗಳಿಗೆ ಮಾರಾಟವಾಗುತ್ತದೆ. ಅದನ್ನು ಬೆಳೆದವರ ಊಟದ ಮಣೆಗೆ ಅದು ಬರುವುದು ಅಪರೂಪವೆಂದು ಹೇಳಲು ದೊಡ್ಡ ವಿಚಾರಣೆ ಬೇಕಿಲ್ಲ. ಬೇಸಾಯ ನಿಸರ್ಗಕ್ಕೆ ಹೊಂದಿದ್ದಾದರೆ ಸಾಲದು. ಬೆಳೆದವನ ಬಾಳಿಗೂ ಹೊಂದಬೇಕು. ಗುತ್ತಿಗೆಯ ಹಣವೂ ಕೂಲಿಯೂ ಆ ಕುಟುಂಬಗಳಿಗೆ ಆಸರೆಯಾಗಿರುವುದನ್ನು ಅಲ್ಲಗಳೆಯುವುದಿಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ. ಎರಡನೆಯದು, ಆ ತೊರೆಗಳ ತಾಯಿಯಾದ ಹಿಮ. ಕಾವಾಗಾರ್ಬೋವಿನಿಂದ ಇಳಿಯುವ ಮಿಂಗ್ಯೋಂಗ್ ಹಿಮನದಿ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ. ಒಂದೂ ತಪ್ಪು ಮಾಡದೆ ಹಟ್ಟಿಯ ಗೊಬ್ಬರ ಹಾಕಿ ಬೆಳೆದ ರೈತನ ಕಾಲುವೆ, ದೂರದ ನಗರಗಳ ಹೊಗೆಯಿಂದ ಒಂದು ದಿನ ಬತ್ತಬಹುದು. ನಾವು ಇಲ್ಲಿ ಮಾಡುವ ದುಂದು ನಮಗೆ ಗೊತ್ತಿಲ್ಲದ ನೆರೆಯವನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಗೆ ಈ ಕಾಲದಲ್ಲಿ ಈ ಅರ್ಥವೂ ಕೂಡಿಕೊಂಡಿದೆ.

ಕೊನೆಯದಾಗಿ ನಮ್ಮ ಮನೆಯ ಮಾತು. ನಮ್ಮ ಧರ್ಮಕೇಂದ್ರವೂ ಒಂದೇ ಊರಿನದ್ದಲ್ಲ. ಮುಖ್ಯ ದೇವಾಲಯದ ಸುತ್ತ ಉಪಕೇಂದ್ರಗಳಿವೆ. ಮನೆಮಾತು ಬೇರೆ, ಹಬ್ಬದ ಕ್ರಮ ಬೇರೆ, ಹಾಡಿನ ಧಾಟಿ ಬೇರೆ. ಶತಮಾನೋತ್ಸವದ ಸಿದ್ಧತೆಯ ಕಾಲದಲ್ಲಿ ಯಾವ ಊರಿನ ಕಾಣಿಕೆ ಎಷ್ಟು, ಯಾರ ಹೆಸರು ಕಲ್ಲಿನಲ್ಲಿ ಮೊದಲು ಎಂಬ ಮಾತುಗಳು ಎದ್ದವು. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆ ಮಾತುಗಳಲ್ಲಿ ನಾವೂ ಪಾಲುಗಾರರಾಗಿದ್ದೆವು. ಒಂದು ಕಾಲದಲ್ಲಿ ಕೆಲವರು ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಬೇಕೆಂದರು. ಇನ್ನು ಕೆಲವರು ತಮ್ಮ ತೊಟ್ಟಿಯನ್ನು ತಾವೇ ಮುಚ್ಚಿಟ್ಟುಕೊಳ್ಳುತ್ತೇವೆಂದರು. ದ್ರಾಕ್ಷಿ ಬೆಳೆಯುವವರು ಈ ಎರಡನ್ನೂ ಒಪ್ಪುವುದಿಲ್ಲ. ಪ್ರತಿಯೊಂದು ಹೊಲವೂ ತನ್ನ ಕಾಲಕ್ಕೆ ಮಾಗಲಿ, ತನ್ನ ರುಚಿಯನ್ನು ಉಳಿಸಿಕೊಳ್ಳಲಿ; ಆದರೆ ಕೂಡುವ ದಿನ ತನ್ನಲ್ಲಿರುವ ಉತ್ತಮವಾದುದನ್ನು ಪಾತ್ರೆಗೆ ಸುರಿಯಲಿ. ನೂರರಲ್ಲಿ ಹತ್ತು ಪಾಲು ಮಾತ್ರ ಸೇರಿದ ತಳಿಯೂ ಇಡೀ ಪಾತ್ರೆಯ ಪರಿಮಳವನ್ನು ಬದಲಿಸಬಲ್ಲದು. ಚಿಕ್ಕ ಉಪಕೇಂದ್ರದವರು ಇದನ್ನು ನೆನಪಿಡಬೇಕು. ದೊಡ್ಡ ಊರಿನವರು ಇನ್ನೂ ಹೆಚ್ಚಾಗಿ ನೆನಪಿಡಬೇಕು.

ನಮ್ಮ ಯುವಕ ಯುವತಿಯರು ಬೆಂಗಳೂರಿಗೂ ಕೊಲ್ಲಿ ದೇಶಗಳಿಗೂ ಹೋಗುತ್ತಿದ್ದಾರೆ; ಹೋಗಲಿ, ಬೆಳೆಯಲಿ. ಹೋಗುವವರ ಕೈಯಲ್ಲಿ ನಾವು ಏನನ್ನು ಕೊಟ್ಟು ಕಳುಹಿಸುತ್ತೇವೆ? ನೂರು ವರ್ಷದ ಕಟ್ಟಡವನ್ನು ಹೊತ್ತುಕೊಂಡು ಹೋಗಲಾಗದು. ಆದರೆ ಬಳ್ಳಿಯ ಒಂದು ತುಂಡನ್ನು ಯಾರೂ ಒಯ್ಯಬಲ್ಲರು. ಸಂಜೆಯ ಜಪಮಾಲೆ, ಕನ್ನಡದ ಪ್ರಾರ್ಥನೆ, ಹಸಿದವನಿಗೆ ಬಾಗಿಲು ತೆರೆಯುವ ರೂಢಿ, ತಪ್ಪಾದಾಗ ಕ್ಷಮೆ ಕೇಳುವ ಧೈರ್ಯ, ಇವೇ ಆ ತುಂಡುಗಳು. ಅವನ್ನು ಈಗಲೇ ಕತ್ತರಿಸಿ ಕೊಡದಿದ್ದರೆ, ಮುಂದೆ ತೋಟ ನೋಡಲು ಬಂದವರಿಗೆ ಗೋಡೆಯನ್ನು ಮಾತ್ರ ತೋರಿಸಬೇಕಾದೀತು.

ನಮಗೆ ವಿಶ್ವಾಸವನ್ನು ತಂದ ಗುರುಗಳ ಸಮಾಧಿಗಳಿಗೆ ಈ ವರ್ಷ ನಾವು ಹೂವಿಡುತ್ತೇವೆ, ಅದು ಯೋಗ್ಯವಾದದ್ದು. ಅದರೊಡನೆ, ಗುರುಗಳಿಲ್ಲದ ಭಾನುವಾರಗಳಲ್ಲಿ ಗಂಟೆ ಬಾರಿಸಿ ಮಕ್ಕಳಿಗೆ ಜಪ ಹೇಳಿಕೊಟ್ಟ ಉಪದೇಶಿಗಳನ್ನೂ, ಹೆಸರೇ ದಾಖಲಾಗದ ನಮ್ಮ ಅಜ್ಜಿಯಂದಿರನ್ನೂ ನೆನೆಯೋಣ. ಗುರುಗಳಿಲ್ಲದ ಮೂವತ್ತು ವರ್ಷಗಳಲ್ಲಿ ಮೆಕಾಂಗಿನ ದಂಡೆಯ ಬಳ್ಳಿಯನ್ನು ಕಡಿದುಹಾಕದೆ ಬಿಟ್ಟವರು ಅಂಥವರೇ. ಮುಂದಿನ ಭಾನುವಾರ ಗುರುಗಳು ಪಾನಪಾತ್ರೆಯಲ್ಲಿ ದ್ರಾಕ್ಷಾರಸಕ್ಕೆ ಒಂದು ಹನಿ ನೀರನ್ನು ಬೆರೆಸುವಾಗ, ಆ ಹನಿ ನಾವೆಂಬುದನ್ನು ನೆನೆದು ತಲೆಬಾಗೋಣ. ಬೆರೆತ ಮೇಲೆ ಆ ಹನಿಯನ್ನು ಯಾರೂ ಬೇರ್ಪಡಿಸಲಾರರು.